ಆಟದಿಂದ ಅನ್ನ: ಬೇಬ್ ಡಿಡ್ರಿಕ್ಸನ್ನಳ ಬಾಳು

ಹವ್ಯಾಸಿ, ವೃತ್ತಿನಿರತ ಎಂಬ ಎರಡು ಮಾತುಗಳು ಕನ್ನಡಿಗರಿಗೆ ರಂಗಭೂಮಿಯ ಮೂಲಕ ಚೆನ್ನಾಗಿ ಪರಿಚಿತವಾದವು. ಊರೂರು ಸುತ್ತಿ, ಡೇರೆ ಹಾಕಿ, ಟಿಕೆಟ್ಟಿನ ಹಣದಿಂದ ಬದುಕಿದ ವೃತ್ತಿನಾಟಕ ಮಂಡಲಿಗಳು ನಮ್ಮಲ್ಲಿದ್ದವು. ಹಗಲು ಕಚೇರಿಯ ಕೆಲಸ ಮುಗಿಸಿ ಸಂಜೆ ಬಣ್ಣ ಹಚ್ಚಿದ ಹವ್ಯಾಸಿ ತಂಡಗಳೂ ಇದ್ದವು. ಇವರಲ್ಲಿ ಕಲೆ ಯಾರದು ಮೇಲು ಎಂಬ ಚರ್ಚೆ ಎಷ್ಟೋ ನಡೆದಿದೆ. ಆದರೆ ಹಣ ಪಡೆದು ನಟಿಸಿದನೆಂಬ ಒಂದೇ ಕಾರಣಕ್ಕೆ ನಟನೊಬ್ಬನು ಪಂಕ್ತಿಬಾಹಿರನಾಗಬೇಕೆಂದು ಯಾರೂ ವಾದಿಸಲಿಲ್ಲ. ಪಶ್ಚಿಮದ ಕ್ರೀಡಾಲೋಕದಲ್ಲಿ ಮಾತ್ರ ಬಹುಕಾಲ ಇದೇ ಕಟ್ಟಳೆಯಾಗಿ ನಿಂತಿತ್ತು. ಆಟವನ್ನು ಆಟಕ್ಕಾಗಿಯೇ ಆಡುವವನು ಶುದ್ಧ. ಒಂದು ಕಾಸು ಮುಟ್ಟಿದವನು ಮಲಿನ. ಕೇಳುವುದಕ್ಕೆ ಉದಾತ್ತವಾಗಿರುವ ಈ ತತ್ತ್ವವನ್ನು ರೂಪಿಸಿದವರು ಬಹುಮಟ್ಟಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲದವರು. ದುಡಿದು ತಿನ್ನಬೇಕಾದ ಮನೆಯಲ್ಲಿ ಹುಟ್ಟಿ, ಮೈಕಟ್ಟು, ಚುರುಕುಗಳ ಹೊರತು ಬೇರೆ ಆಸ್ತಿಯಿಲ್ಲದವರು ಈ ಕಟ್ಟಳೆಯ ಮುಂದೆ ಏನು ಮಾಡಬೇಕು? ಅದರಲ್ಲಿಯೂ ಅಂಥ ವ್ಯಕ್ತಿ ಹೆಣ್ಣಾಗಿದ್ದರೆ? ಅಮೆರಿಕದ ಮಿಲ್ಡ್ರೆಡ್ ಡಿಡ್ರಿಕ್ಸನ್ನಳ ಬಾಳು ಈ ಪ್ರಶ್ನೆಯನ್ನು ಎದುರಿಸುತ್ತಲೇ ನಡೆಯಿತು.

ಲೋಕ ಆಕೆಯನ್ನು ಬಲ್ಲುದು ಬೇಬ್ ಎಂಬ ಹೆಸರಿನಿಂದ. ಆಕೆ ಹುಟ್ಟಿದ್ದು ೧೯೧೧ನೆಯ ಜೂನ್ ೨೬ರಂದು, ಟೆಕ್ಸಾಸ್ ಸಂಸ್ಥಾನದ ಪೋರ್ಟ್ ಆರ್ಥರ್ ಎಂಬ ಎಣ್ಣೆಯ ಬಂದರಿನಲ್ಲಿ. ತಂದೆತಾಯಿಗಳು ನಾರ್ವೆಯಿಂದ ವಲಸೆ ಬಂದವರು. ತಂದೆ ಓಲೆ ಹಡಗಿನ ಬಡಗಿಯಾಗಿದ್ದು, ಅನಂತರ ಮರದ ಪೀಠೋಪಕರಣಗಳ ಕೆಲಸ ಮಾಡಿ ಏಳು ಮಕ್ಕಳ ಸಂಸಾರವನ್ನು ಸಾಕಿದವನು. ತಾಯಿ ಹನ್ನಾ ತನ್ನ ತಾರುಣ್ಯದಲ್ಲಿ ಹಿಮದ ಮೇಲಿನ ಆಟಗಳಲ್ಲಿ ನುರಿತವಳೆಂದು ಹೇಳುತ್ತಾರೆ. ೧೯೧೫ರ ಚಂಡಮಾರುತ ಪೋರ್ಟ್ ಆರ್ಥರನ್ನು ಧ್ವಂಸ ಮಾಡಿದ ಮೇಲೆ ಸಂಸಾರ ಹತ್ತಿರದ ಬೋಮಾಂಟ್ ಪಟ್ಟಣಕ್ಕೆ ಬಂದು, ಎಣ್ಣೆ ಶುದ್ಧೀಕರಣದ ಕಾರ್ಖಾನೆಯ ನೆರೆಯಲ್ಲಿ ನೆಲಸಿತು. ಮನೆಯ ಹಿತ್ತಿಲಲ್ಲಿ ತಂದೆ ತನ್ನ ಕೈಯಿಂದಲೇ ಮಕ್ಕಳಿಗೆ ವ್ಯಾಯಾಮದ ಸಾಧನಗಳನ್ನು ಮಾಡಿಕೊಟ್ಟನು. ಬೀದಿಯುದ್ದಕ್ಕೂ ಮನೆಗಳ ಮುಂದಿದ್ದ ಪೊದೆಬೇಲಿಗಳನ್ನು ಒಂದಾದ ಮೇಲೊಂದರಂತೆ ಹಾರುತ್ತ ಓಡುವುದು ಈ ಹುಡುಗಿಯ ನಿತ್ಯದ ಆಟ. ಬೇಲಿಯ ಮುಳ್ಳು ತಾಗದಂತೆ ಎಡಗಾಲನ್ನು ಮಡಿಸುವ ರೂಢಿ ಅಲ್ಲಿಂದಲೇ ಬಂದಿತೆಂದೂ, ಮುಂದೆ ಹರ್ಡಲ್ಸ್ ಓಟದಲ್ಲಿಯೂ ಅದೇ ಉಳಿಯಿತೆಂದೂ ಆಕೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಶಾಲೆಯ ದಿನಗಳಲ್ಲಿಯೇ ಅಂಜೂರದ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದು, ಗೋಣಿಚೀಲ ಹೊಲಿದು, ಬಂದ ಹಣವನ್ನು ತಾಯಿಯ ಕೈಗೆ ಹಾಕುತ್ತಿದ್ದಳು. ಬೇಸ್‌ಬಾಲಿನ ಹೆಸರಾಂತ ಆಟಗಾರ ಬೇಬ್ ರೂತನಂತೆ ಚೆಂಡನ್ನು ಬಾರಿಸುತ್ತಿದ್ದುದರಿಂದ ತನಗೆ ಈ ಅಡ್ಡಹೆಸರು ಬಂದಿತೆಂದು ಆಕೆ ಹೇಳುತ್ತಿದ್ದಳು. ಮನೆಯಲ್ಲಿ ತಾಯಿ ಮುದ್ದಿನಿಂದ ಕರೆದ ಹೆಸರೇ ಹೀಗಾಯಿತೆಂದು ಹೇಳುವವರೂ ಉಂಟು.

೧೯೩೦ರಲ್ಲಿ ಬೋಮಾಂಟಿನ ಪ್ರೌಢಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಈ ಹುಡುಗಿಯನ್ನು ಡಲ್ಲಾಸ್ ನಗರದ ವಿಮಾ ಕಂಪನಿಯೊಂದರ ಅಧಿಕಾರಿ, ಕರ್ನಲ್ ಮೆಲ್ವಿನ್ ಮೆಕೂಂಬ್ಸ್, ಕಂಡನು. ಎಂಪ್ಲಾಯರ್ಸ್ ಕ್ಯಾಷುಯಲ್ಟಿ ಎಂಬ ಆ ಕಂಪನಿ ತಿಂಗಳಿಗೆ ೭೫ ಡಾಲರ್ ಸಂಬಳದ ಮೇಲೆ ಆಕೆಯನ್ನು ಗುಮಾಸ್ತೆಯಾಗಿ ನೇಮಿಸಿಕೊಂಡಿತು. ಈ ನೇಮಕದ ಮರ್ಮವನ್ನು ತುಸು ವಿವರಿಸಬೇಕು. ಹವ್ಯಾಸಿ ಕ್ರೀಡಾ ಒಕ್ಕೂಟದ ನಿಯಮದಂತೆ ಆಟಕ್ಕಾಗಿ ಹಣ ಕೊಡುವಂತಿಲ್ಲ. ಆದರೆ ಗುಮಾಸ್ತೆಗೆ ಸಂಬಳ ಕೊಡಬಹುದು, ಆ ಗುಮಾಸ್ತೆ ಸಂಜೆ ಕಂಪನಿಯ ತಂಡದಲ್ಲಿ ಆಡಬಹುದು, ತಂಡ ಗೆದ್ದರೆ ಕಂಪನಿಯ ಹೆಸರು ಪತ್ರಿಕೆಗಳಲ್ಲಿ ಬರಬಹುದು. ಅಮೆರಿಕದ ಕಾರ್ಖಾನೆಗಳೂ ವ್ಯಾಪಾರ ಸಂಸ್ಥೆಗಳೂ ಹೀಗೆ ನಡೆಸುತ್ತಿದ್ದ ತಂಡಗಳೇ ಆ ಕಾಲದ ದುಡಿಯುವ ಹೆಣ್ಣುಮಕ್ಕಳಿಗೆ ಕ್ರೀಡೆಯ ಬಾಗಿಲಾಗಿದ್ದವು. ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್, ಬೇಸಗೆಯಲ್ಲಿ ಸಾಫ್ಟ್‌ಬಾಲ್. ಬೇಸ್‌ಬಾಲಿನ ಕವಲಾಗಿ ೧೮೮೭ರಲ್ಲಿ ಷಿಕಾಗೋ ನಗರದ ಒಂದು ಒಳಾಂಗಣದಲ್ಲಿ ಹುಟ್ಟಿದ ಈ ಆಟಕ್ಕೆ ದೊಡ್ಡ ಚೆಂಡೂ ಚಿಕ್ಕ ಅಂಗಣವೂ ಸಾಕಾದುದರಿಂದ ಕಂಪನಿಗಳ ಹೆಣ್ಣುಮಕ್ಕಳಲ್ಲಿ ಅದು ಬೇಗನೆ ಹರಡಿತು. ಬೇಬ್ ಎರಡನ್ನೂ ಆಡಿದಳು. ಆಕೆಯಿದ್ದ ಗೋಲ್ಡನ್ ಸೈಕ್ಲೋನ್ಸ್ ತಂಡ ೧೯೩೧ರಲ್ಲಿ ಬ್ಯಾಸ್ಕೆಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿತು. ಸಂಬಳದ ಬಹುಭಾಗ ಬೋಮಾಂಟಿಗೆ ಹೋಗುತ್ತಿತ್ತು.

೧೯೩೨ನೆಯ ಜುಲೈ ೧೬ರಂದು ಷಿಕಾಗೋ ಬಳಿಯ ಇವಾನ್‌ಸ್ಟನ್ನಿನಲ್ಲಿ ರಾಷ್ಟ್ರೀಯ ಮಹಿಳಾ ಕ್ರೀಡಾಕೂಟ ನಡೆಯಿತು; ಅದೇ ಒಲಿಂಪಿಕ್ ತಂಡದ ಆಯ್ಕೆಯ ಕಣವೂ ಆಗಿತ್ತು. ಇತರ ಸಂಘಗಳಿಂದ ತಂಡಗಳು ಬಂದಿದ್ದವು. ಡಲ್ಲಾಸಿನ ಕಂಪನಿ ಕಳಿಸಿದ್ದು ಬೇಬಳೊಬ್ಬಳನ್ನೇ. ಒಂದು ಮಧ್ಯಾಹ್ನದಲ್ಲಿ ಆಕೆ ಎಂಟು ಸ್ಪರ್ಧೆಗಳಿಗೆ ಇಳಿದಳು. ಗುಂಡು ಎಸೆತ, ಈಟಿ ಎಸೆತ, ಬೇಸ್‌ಬಾಲ್ ಎಸೆತ, ಉದ್ದ ಜಿಗಿತ, ೮೦ ಮೀಟರ್ ಹರ್ಡಲ್ಸ್, ಈ ಐದರಲ್ಲಿ ಪ್ರಥಮಸ್ಥಾನ. ಎತ್ತರ ಜಿಗಿತದಲ್ಲಿ ಜೀನ್ ಷೈಲಿಯೊಡನೆ ಸಮಪಾಲು. ಒಟ್ಟು ೩೦ ಅಂಕಗಳು. ಎರಡನೆಯ ಸ್ಥಾನ ಪಡೆದ ಇಲಿನಾಯ್ ಮಹಿಳಾ ಸಂಘದ ೨೨ ಮಂದಿ ಕೂಡಿ ಗಳಿಸಿದ್ದು ೨೨ ಅಂಕಗಳು. ಒಬ್ಬಳೇ ಒಂದು ತಂಡವಾಗಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದ ಈ ಸಾಹಸಕ್ಕೆ ಕ್ರೀಡೆಯ ಇತಿಹಾಸದಲ್ಲಿ ಹೋಲಿಕೆ ದುರ್ಲಭ.

ಎರಡು ವಾರಗಳ ಅನಂತರ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ ಕೂಟ. ಅಲ್ಲಿ ಹೆಣ್ಣುಮಕ್ಕಳಿಗಿದ್ದ ಓಟ, ಜಿಗಿತ, ಎಸೆತಗಳ ಸ್ಪರ್ಧೆಗಳು ಆರೇ. ಒಬ್ಬಳು ಭಾಗವಹಿಸಬಹುದಾದುದು ಮೂರರಲ್ಲಿ ಮಾತ್ರ. ಬೇಬ್ ಈಟಿ ಎಸೆತದಲ್ಲಿ ೪೩.೬೮ ಮೀಟರ್ ದೂರ ಎಸೆದು ಚಿನ್ನದ ಪದಕ ಪಡೆದಳು. ಹರ್ಡಲ್ಸಿನಲ್ಲಿ ೧೧.೭ ಸೆಕೆಂಡುಗಳ ವಿಶ್ವದಾಖಲೆಯೊಡನೆ ಎರಡನೆಯ ಚಿನ್ನ ಬಂದಿತು. ಎತ್ತರ ಜಿಗಿತದಲ್ಲಿ ಆಕೆಯೂ ಷೈಲಿಯೂ ೧.೬೫ ಮೀಟರ್ ಹಾರಿ ಸಮನಾಗಿ ನಿಂತರು. ಕೊನೆಗೆ ತೀರ್ಪುಗಾರರು, ಬೇಬಳ ತಲೆ ದೇಹಕ್ಕಿಂತ ಮೊದಲು ಅಡ್ಡಪಟ್ಟಿಯನ್ನು ದಾಟಿತೆಂದು ಹೇಳಿ ಆಕೆಗೆ ಎರಡನೆಯ ಸ್ಥಾನ ಕೊಟ್ಟರು. ಆ ನಿಯಮವೇ ಮುಂದೆ ರದ್ದಾಯಿತು. ಡಲ್ಲಾಸಿಗೆ ಮರಳಿದಾಗ ನಗರ ಮೆರವಣಿಗೆಯಿಂದ ಆಕೆಯನ್ನು ಸ್ವಾಗತಿಸಿತು. ವಯಸ್ಸು ೨೧, ಜಗತ್ತಿನಲ್ಲಿ ಆಕೆಯ ಹೆಸರು ಕೇಳದ ಕ್ರೀಡಾಸಕ್ತರಿರಲಿಲ್ಲ. ಆದರೆ ಸಂಪಾದನೆಯೆಂದರೆ ಅದೇ ಗುಮಾಸ್ತೆಯ ಸಂಬಳ.

ಆ ವರ್ಷದ ಡಿಸೆಂಬರಿನಲ್ಲಿ ಡಾಡ್ಜ್ ಮೋಟಾರುಕಾರಿನ ಜಾಹೀರಾತೊಂದರಲ್ಲಿ ಆಕೆಯ ಚಿತ್ರವೂ ಹೆಸರೂ ಪ್ರಕಟವಾದವು. ಹವ್ಯಾಸಿ ಒಕ್ಕೂಟ ಕೂಡಲೆ ಆಕೆಯನ್ನು ಅಮಾನತಿನಲ್ಲಿಟ್ಟಿತು. ತನ್ನ ಒಪ್ಪಿಗೆಯಿಲ್ಲದೆ ಅದು ಅಚ್ಚಾಯಿತೆಂದು ಆಕೆ ವಾದಿಸಿದಳು. ಒಕ್ಕೂಟ ವಿಚಾರಿಸಿ ಅಮಾನತನ್ನು ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಬೇಬ್ ನಿರ್ಧರಿಸಿಯಾಗಿತ್ತು: ಇನ್ನು ಮುಂದೆ ತಾನು ವೃತ್ತಿನಿರತ ಆಟಗಾರ್ತಿ. ಇದಕ್ಕೆ ಇಪ್ಪತ್ತು ವರ್ಷಗಳ ಹಿಂದೆ ಜಿಮ್ ಥಾರ್ಪ್ ಎಂಬ ಮೂಲನಿವಾಸಿ ಜನಾಂಗದ ವೀರನು, ಹಿಂದೊಮ್ಮೆ ಅಲ್ಪಹಣಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ, ೧೯೧೨ರ ಒಲಿಂಪಿಕ್ ಪದಕಗಳನ್ನೇ ಕಳೆದುಕೊಂಡಿದ್ದನು. ಆ ಉದಾಹರಣೆ ಎಲ್ಲರ ಕಣ್ಣ ಮುಂದಿತ್ತು. ಬೇಬ್ ತಳ್ಳಿಸಿಕೊಳ್ಳುವವರೆಗೆ ಕಾಯದೆ ತಾನೇ ಹೊರಬಂದಳು.

ಹೊರಬಂದರೇನೋ ಸರಿ, ಹೋಗುವುದೆಲ್ಲಿಗೆ? ವೃತ್ತಿನಿರತ ಆಟಗಾರ್ತಿಗೆ ಆ ದೇಶದಲ್ಲಿ ಆಡಲು ಕಣವೇ ಇರಲಿಲ್ಲ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಆಕೆ ಮಾಡಿದ ಕೆಲಸಗಳ ಪಟ್ಟಿ ನೋಡಿದರೆ ನಗು ಬರುತ್ತದೆ, ಮರುಕವೂ ಹುಟ್ಟುತ್ತದೆ. ಮೋಟಾರು ಪ್ರದರ್ಶನದಲ್ಲಿ ನಿಂತು ಹಸ್ತಾಕ್ಷರ ಕೊಟ್ಟಳು. ಷಿಕಾಗೋ ನಗರದ ಪ್ಯಾಲೇಸ್ ನಾಟ್ಯಗೃಹದಲ್ಲಿ ಹಾರ್ಮೋನಿಕಾ ನುಡಿಸಿ, ರಂಗದ ಮೇಲೆ ಯಂತ್ರದ ಪಟ್ಟಿಯಲ್ಲಿ ಓಡಿ ತೋರಿಸಿದಳು. ತನ್ನ ಹೆಸರಿನದೇ ಬ್ಯಾಸ್ಕೆಟ್‌ಬಾಲ್ ತಂಡದೊಡನೆ ಚಿಕ್ಕಪುಟ್ಟ ಊರುಗಳನ್ನು ಸುತ್ತಿ ಅಲ್ಲಿನ ಗಂಡಸರ ತಂಡಗಳೊಡನೆ ಆಡಿದಳು. ೧೯೩೪ರ ವಸಂತದಲ್ಲಿ ದೊಡ್ಡ ಬೇಸ್‌ಬಾಲ್ ತಂಡಗಳ ಅಭ್ಯಾಸಪಂದ್ಯಗಳಲ್ಲಿ ಒಂದೊಂದು ಇನ್ನಿಂಗ್ಸ್ ಚೆಂಡೆಸೆದಳು. ಅದೇ ವರ್ಷ, ಗಡ್ಡ ಬೆಳೆಸಿದ ಆಟಗಾರರಿಗೆ ಹೆಸರಾಗಿದ್ದ ಹೌಸ್ ಆಫ್ ಡೇವಿಡ್ ಎಂಬ ಧಾರ್ಮಿಕ ಪಂಗಡದ ತಂಡದಲ್ಲಿ ಗಡ್ಡವಿಲ್ಲದ ಏಕಮಾತ್ರ ಆಕರ್ಷಣೆಯಾಗಿ ಊರೂರು ಅಲೆದಳು. ಮೊದಲ ಒಂದೆರಡು ಇನ್ನಿಂಗ್ಸ್ ಚೆಂಡೆಸೆದು, ಜನರ ಕುತೂಹಲ ತಣಿದೊಡನೆ, ಆಕೆ ತನ್ನ ಕಾರಿನಲ್ಲಿ ಮುಂದಿನ ಊರಿಗೆ ಹೊರಡುತ್ತಿದ್ದಳು. ಜಗತ್ತಿನ ಶ್ರೇಷ್ಠ ಕ್ರೀಡಾಪಟು ಜಾತ್ರೆಯ ನೋಟವಾಗಿದ್ದಳು. ಆದರೆ ಈ ಹಣದಿಂದಲೇ ಬೋಮಾಂಟಿನ ಮನೆ ನಡೆಯಿತೆಂಬುದನ್ನು ಮರೆಯಬಾರದು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಯುವ ಗೋಜಿಗೆ ಆಕೆ ಹೋಗಲಿಲ್ಲ.

ಇದಲ್ಲದೆ ಪತ್ರಿಕೆಗಳ ಕಾಟ. ಆಕೆಯ ಕತ್ತರಿಸಿದ ಕೂದಲು, ಗಟ್ಟಿ ತೋಳು, ಒರಟು ಮಾತು, ಎಲ್ಲವೂ ಅಂಕಣಕಾರರಿಗೆ ಹಾಸ್ಯದ ವಸ್ತು. ಆಕೆ ಹೆಣ್ಣೋ ಗಂಡೋ ಎಂದು ಬರೆಯುವಷ್ಟು ಕೆಲವರು ಕೆಳಗಿಳಿದರು; ಮನೆಯಲ್ಲಿ ಅಲಂಕಾರ ಮಾಡಿಕೊಂಡು ಕುಳಿತಿದ್ದರೆ ಲೇಸೆಂದು ಬುದ್ಧಿ ಹೇಳಿದವರೂ ಇದ್ದರು. ಆಕೆಯ ಸ್ವಭಾವವೂ ಎದುರಾಳಿಗಳಿಗೆ ಪ್ರಿಯವಾಗುವಂಥದಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಸ್ಪರ್ಧೆಗೆ ಮೊದಲೇ ಗೆಲವು ತನ್ನದೆಂದು ಸಾರುವುದು, ಎರಡನೆಯ ಸ್ಥಾನಕ್ಕೆ ಯಾರು ಆಡುತ್ತೀರೆಂದು ಸಹಆಟಗಾರ್ತಿಯರನ್ನು ಕೆಣಕುವುದು, ವಯಸ್ಸನ್ನು ಕೆಲವರ್ಷ ಕಡಮೆ ಮಾಡಿ ಹೇಳುವುದು, ಇವೆಲ್ಲ ಆಕೆಯ ರೂಢಿ. ಒಲಿಂಪಿಕ್ ತಂಡದ ಗೆಳತಿಯರಲ್ಲಿ ಅನೇಕರು ಆಕೆಯನ್ನು ಸಹಿಸುತ್ತಿರಲಿಲ್ಲ. ಜಂಬ ಆಕೆಯ ಹುಟ್ಟುಗುಣವಿದ್ದೀತು. ಜೊತೆಗೆ ಅದು ಆಕೆಯ ಸರಕಿನ ಡಂಗುರವೂ ಆಗಿತ್ತು.

ಈ ಅಲೆದಾಟದಿಂದ ಹೊರಬರುವ ದಾರಿಯಾಗಿ ಆಕೆ ಆರಿಸಿಕೊಂಡದ್ದು ಗಾಲ್ಫ್. ಲಾಸ್ ಏಂಜಲೀಸಿನ ಸ್ಟ್ಯಾನ್ ಕೆರ್ಟಿಸ್ ಎಂಬ ಶಿಕ್ಷಕನ ಬಳಿ ಪಾಠ ಹೇಳಿಸಿಕೊಂಡು, ದಿನಕ್ಕೆ ಎಂಟು ಹತ್ತು ಗಂಟೆಗಳ ಕಾಲ ಚೆಂಡು ಹೊಡೆದಳು. ಅಂಗೈ ಸುಲಿದು ರಕ್ತ ಬಂದರೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಮತ್ತೆ ಹೊಡೆದಳು. ೧೯೩೫ರ ಏಪ್ರಿಲಿನಲ್ಲಿ ಹ್ಯೂಸ್ಟನ್ ನಗರದ ರಿವರ್ ಓಕ್ಸ್ ಎಂಬ ಸಿರಿವಂತರ ಕ್ಲಬ್ಬಿನಲ್ಲಿ ಟೆಕ್ಸಾಸಿನ ಮಹಿಳಾ ಹವ್ಯಾಸಿ ಪಂದ್ಯ ನಡೆಯಿತು. ಕೂಲಿಕಾರರ ಮನೆಯ ಹುಡುಗಿಗೆ ಇಲ್ಲೇನು ಕೆಲಸವೆಂಬ ಭಾವ ಅಲ್ಲಿನ ಹೆಂಗಸರಲ್ಲಿ ಮರೆಯಾಗಿರಲಿಲ್ಲ. ಆ ಹುಡುಗಿಯೇ ಗೆದ್ದಳು. ಕೆಲವೇ ವಾರಗಳಲ್ಲಿ ಅಮೆರಿಕದ ಗಾಲ್ಫ್ ಸಂಘ ಆಕೆಯನ್ನು ವೃತ್ತಿನಿರತಳೆಂದು ಘೋಷಿಸಿ ಹವ್ಯಾಸಿ ಪಂದ್ಯಗಳಿಂದ ಹೊರಗಿಟ್ಟಿತು. ಗಾಲ್ಫಿನಲ್ಲಿ ಆಕೆ ಹಣ ಪಡೆದಿರಲಿಲ್ಲ. ಬೇರೆ ಆಟಗಳಲ್ಲಿ ಪಡೆದಿದ್ದುದೇ ಸಾಕಾಯಿತು. ಆಗ ಹೆಂಗಸರಿಗಾಗಿ ಇದ್ದ ಮುಕ್ತಪಂದ್ಯಗಳು ಬೆರಳೆಣಿಕೆಗೂ ಕಡಮೆ. ಮತ್ತೆ ಪ್ರದರ್ಶನಗಳೇ ಗತಿ: ಆ ವರ್ಷ ಜೀನ್ ಸಾರಜೆನ್ ಎಂಬ ಪ್ರಸಿದ್ಧ ಆಟಗಾರನೊಡನೆ ದೇಶ ಸುತ್ತಿ, ನೋಡುತ್ತ ನೋಡುತ್ತ ಅವನ ಆಟವನ್ನು ಕಲಿತಳು.

೧೯೩೮ರ ಜನವರಿಯಲ್ಲಿ ಲಾಸ್ ಏಂಜಲೀಸ್ ಓಪನ್ ಎಂಬ ಗಂಡಸರ ಪಂದ್ಯಕ್ಕೆ ಆಕೆ ಹೆಸರು ಕೊಟ್ಟಳು. ಅಲ್ಲಿ ಜೊತೆಗಾರನಾಗಿ ಸಿಕ್ಕವನು ಜಾರ್ಜ್ ಜಹೇರಿಯಸ್ ಎಂಬ ವೃತ್ತಿನಿರತ ಕುಸ್ತಿಪಟು. ಪಂದ್ಯದಲ್ಲಿ ಮುಂದಿನ ಹಂತ ಸಿಕ್ಕಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅವರಿಬ್ಬರ ಮದುವೆಯಾಯಿತು. ಕುಸ್ತಿಯಿಂದಲೂ ಕುಸ್ತಿಯ ವ್ಯವಹಾರದಿಂದಲೂ ಗಂಡನಿಗೆ ಸಾಕಷ್ಟು ವರಮಾನವಿತ್ತು. ಈಗ ಬೇಬ್ ಹೊಸದೊಂದು ಹೆಜ್ಜೆಯಿಟ್ಟಳು: ತನ್ನನ್ನು ಮತ್ತೆ ಹವ್ಯಾಸಿಯಾಗಿ ಪರಿಗಣಿಸಬೇಕೆಂದು ಗಾಲ್ಫ್ ಸಂಘಕ್ಕೆ ಅರ್ಜಿ ಹಾಕಿದಳು. ಆಟದಿಂದ ಒಂದು ಕಾಸನ್ನೂ ಮುಟ್ಟದೆ ಮೂರು ವರ್ಷ ಕಾಯಬೇಕೆಂಬುದು ಷರತ್ತು. ೧೯೪೦ರಲ್ಲಿ ವೆಸ್ಟರ್ನ್ ಓಪನ್, ಟೆಕ್ಸಾಸ್ ಓಪನ್ ಎರಡನ್ನೂ ಗೆದ್ದರೂ ಬಹುಮಾನದ ಹಣವನ್ನು ಆಕೆ ತೆಗೆದುಕೊಳ್ಳಲಿಲ್ಲ. ೧೯೪೩ರ ಜನವರಿಯಲ್ಲಿ ಶುದ್ಧಿಯಾಯಿತು. ಹವ್ಯಾಸಿಯಾಗಿರುವುದಕ್ಕೂ ಹಣ ಬೇಕೆಂಬುದು ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಷ್ಟ. ಬಡಗಿಯ ಮಗಳಾಗಿ ಆಕೆಗೆ ದಕ್ಕದ ಪಟ್ಟ ಸ್ಥಿತಿವಂತನ ಹೆಂಡತಿಯಾದ ಮೇಲೆ ದಕ್ಕಿತು.

ಅಲ್ಲಿಂದ ಮುಂದೆ ಗೆಲವಿನ ಸುಗ್ಗಿ. ೧೯೪೫ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ವೆಸ್ಟರ್ನ್ ಓಪನ್ ಆಡುತ್ತಿದ್ದಾಗ ತಾಯಿ ತೀರಿಹೋದ ಸುದ್ದಿ ಬಂದಿತು. ಯುದ್ಧಕಾಲದಲ್ಲಿ ಪ್ರಯಾಣ ಸುಲಭವಿರಲಿಲ್ಲ. ಆಕೆ ಪಂದ್ಯವನ್ನು ಮುಗಿಸಿ ಗೆದ್ದು ಬೋಮಾಂಟಿಗೆ ಹೋದಳು. ೧೯೪೬ರಲ್ಲಿ ಅಮೆರಿಕದ ಮಹಿಳಾ ಹವ್ಯಾಸಿ ಪ್ರಶಸ್ತಿ. ೧೯೪೭ರಲ್ಲಿ ಸ್ಕಾಟ್‌ಲೆಂಡಿನ ಗಲ್ಲನ್ ಎಂಬಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಪ್ರಶಸ್ತಿ. ೧೮೯೩ರಲ್ಲಿ ಮೊದಲಾದ ಆ ಪಂದ್ಯವನ್ನು ಅದುವರೆಗೆ ಯಾವ ಅಮೆರಿಕದವಳೂ ಗೆದ್ದಿರಲಿಲ್ಲ. ಹವ್ಯಾಸಿಯಾಗಿ ಸಾಧಿಸಬೇಕಾದುದೆಲ್ಲ ಆಯಿತೆಂದೋ ಏನೋ, ಅದೇ ವರ್ಷದ ಆಗಸ್ಟಿನಲ್ಲಿ ಆಕೆ ಆ ಪಟ್ಟವನ್ನು ಬಿಟ್ಟು ಮತ್ತೆ ವೃತ್ತಿಗೆ ಮರಳಿದಳು. ಈ ಸಲ ಮರಳಿದ್ದು ಜಾತ್ರೆಗಲ್ಲ. ಆಡಲು ಕಣವಿಲ್ಲದಿದ್ದರೆ ಕಣವನ್ನೇ ಕಟ್ಟಬೇಕೆಂಬ ಸಂಕಲ್ಪ ಆಕೆಯಲ್ಲಿಯೂ ಪ್ಯಾಟಿ ಬರ್ಗ್, ಲೂಯಿಸ್ ಸಗ್ಸ್ ಮೊದಲಾದ ಆಟಗಾರ್ತಿಯರಲ್ಲಿಯೂ ಬಲಿತಿತ್ತು. ೧೯೫೦ರಲ್ಲಿ ಹದಿಮೂರು ಮಂದಿ ಹೆಂಗಸರು ಸೇರಿ ಮಹಿಳಾ ವೃತ್ತಿನಿರತ ಗಾಲ್ಫ್ ಸಂಘವನ್ನು ಸ್ಥಾಪಿಸಿದರು.

ಆರಂಭದ ವರ್ಷಗಳಲ್ಲಿ ಈ ಸಂಘದ ಬದುಕು ನಮ್ಮ ನಾಟಕ ಮಂಡಲಿಗಳ ಬದುಕಿಗಿಂತ ಬೇರೆಯಾಗಿರಲಿಲ್ಲ. ಆಡುವವರೇ ಮೈದಾನವನ್ನು ಸಜ್ಜುಗೊಳಿಸಿ, ಲೆಕ್ಕ ಬರೆದು, ಪತ್ರಿಕೆಗಳಿಗೆ ಸುದ್ದಿ ಕಳಿಸಿ, ಕಾರುಗಳ ಸಾಲು ಕಟ್ಟಿಕೊಂಡು ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕು. ಜನ ಬರುತ್ತಿದ್ದುದು ಬಹುಮಟ್ಟಿಗೆ ಬೇಬಳನ್ನು ನೋಡಲು. ಆ ಸಂಗತಿ ಆಕೆಗೂ ಗೊತ್ತು. ಅದನ್ನು ಇತರರ ಮುಂದೆ ಆಡಿಯೂ ತೋರಿಸುತ್ತಿದ್ದಳು. ಪಂದ್ಯಕ್ಕೆ ಬರುವುದಕ್ಕೇ ಪ್ರತ್ಯೇಕ ಹಣ ಕೇಳುವುದು ಸಂಗಡಿಗರಿಗೆ ಸರಿಕಾಣಲಿಲ್ಲ. ಆದರೂ ಆಕೆ ಎಳೆದು ತಂದ ಜನಸಂದಣಿಯಿಂದಲೇ ಎಳೆಯ ಸಂಘಕ್ಕೆ ಉಸಿರು ಬಂದಿತೆಂದು ಆಕೆಯನ್ನು ಮೆಚ್ಚದವರೂ ಒಪ್ಪಿದ್ದಾರೆ. ೧೯೪೮, ೧೯೫೦ರ ಅಮೆರಿಕದ ಮಹಿಳಾ ಓಪನ್ ಪ್ರಶಸ್ತಿಗಳು ಆಕೆಯವೇ. ಅಮೆರಿಕದ ಪತ್ರಿಕಾ ಸಂಸ್ಥೆಯೊಂದು ೧೯೫೦ರಲ್ಲಿ ಅರ್ಧಶತಮಾನದ ಶ್ರೇಷ್ಠ ಮಹಿಳಾ ಕ್ರೀಡಾಪಟುವನ್ನು ಆರಿಸಿದಾಗ ಗೌರವ ಆಕೆಗೇ ಸಂದಿತು.

೧೯೫೩ರ ವಸಂತದಲ್ಲಿ, ಬೋಮಾಂಟಿನಲ್ಲಿ ತನ್ನದೇ ಹೆಸರಿನ ಪಂದ್ಯವನ್ನು ಗೆದ್ದ ಕೆಲವೇ ದಿನಗಳಲ್ಲಿ, ಕರುಳಿನ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಶಸ್ತ್ರಚಿಕಿತ್ಸೆ ಮಾಡಿ ವೈದ್ಯರು ಕರುಳಿಗೆ ಹೊಟ್ಟೆಯ ಪಕ್ಕದಲ್ಲಿ ಬೇರೆ ದ್ವಾರ ಮಾಡಬೇಕಾಯಿತು. ರೋಗ ಆಗಲೇ ಹರಡಿದ್ದಿತು. ಆ ಸತ್ಯವನ್ನು ವೈದ್ಯರು ಗಂಡನಿಗೂ, ಆಪ್ತಗೆಳತಿಯಾದ ಗಾಲ್ಫ್ ಆಟಗಾರ್ತಿ ಬೆಟ್ಟಿ ಡಾಡ್‌ಳಿಗೂ ಹೇಳಿದರೇ ಹೊರತು ಆಕೆಗೆ ಹೇಳಲಿಲ್ಲ, ಅವರೂ ಬಚ್ಚಿಟ್ಟರು. ಬದುಕೆಲ್ಲ ಸೋಲು ಗೆಲವುಗಳ ಲೆಕ್ಕವನ್ನು ನೇರವಾಗಿ ನೋಡಿದವಳಿಗೆ ಈ ಒಂದು ಲೆಕ್ಕವನ್ನು ಮಾತ್ರ ಮುಚ್ಚಿದ್ದು ದಯೆಯೋ ಅನ್ಯಾಯವೋ ಹೇಳುವುದು ಕಷ್ಟ. ಗಾಲ್ಫ್ ಕೋಲುಗಳನ್ನು ಆಸ್ಪತ್ರೆಯ ಕೋಣೆಯಲ್ಲಿಯೇ ಇರಿಸಿಕೊಂಡಿದ್ದ ಆಕೆ ನಾಲ್ಕು ತಿಂಗಳು ತುಂಬುವುದರೊಳಗೆ ಪಂದ್ಯವೊಂದಕ್ಕೆ ಇಳಿದಳು.

೧೯೫೪ರ ಜುಲೈಯಲ್ಲಿ ಮ್ಯಾಸಚೂಸೆಟ್ಸಿನ ಪೀಬಡಿಯಲ್ಲಿ ಮಹಿಳಾ ಓಪನ್. ಕೊನೆಯ ದಿನ ೩೬ ಕುಳಿಗಳನ್ನು ಆಡಬೇಕು. ಅದೆಂದರೆ ಮೈಲಿಗಟ್ಟಲೆ ನಡಿಗೆ. ಉಡುಪಿನ ಒಳಗೆ ಚಿಕಿತ್ಸೆಯ ಚೀಲ ಕಟ್ಟಿಕೊಂಡು ಆಕೆ ನಡೆದಳು. ಒಟ್ಟು ೨೯೧ ಹೊಡೆತಗಳಲ್ಲಿ ಆಟ ಮುಗಿಯಿತು. ಎರಡನೆಯವಳಿಗೂ ಆಕೆಗೂ ನಡುವೆ ೧೨ ಹೊಡೆತಗಳ ಅಂತರ. ಕ್ಯಾನ್ಸರಿನ ಹೆಸರನ್ನು ಮನೆಯೊಳಗೂ ಪಿಸುಗುಟ್ಟುತ್ತಿದ್ದ ಕಾಲದಲ್ಲಿ ಆಕೆ ತನ್ನ ರೋಗವನ್ನು ಬಹಿರಂಗವಾಗಿ ಹೇಳಿಕೊಂಡು, ಇತರ ರೋಗಿಗಳನ್ನು ಕಂಡು ಧೈರ್ಯ ಹೇಳಿ, ಕ್ಯಾನ್ಸರ್ ನಿಧಿಗಾಗಿ ಹಣ ಕೂಡಿಸಿದಳು. ೧೯೫೫ರಲ್ಲಿ ರೋಗ ಮರುಕಳಿಸಿತು. ಅದೇ ವರ್ಷ ಆತ್ಮಕಥೆ ಹೊರಬಂದಿತು. ೧೯೫೬ನೆಯ ಸೆಪ್ಟೆಂಬರ್ ೨೭ರಂದು ಗ್ಯಾಲ್ವೆಸ್ಟನ್ನಿನ ಆಸ್ಪತ್ರೆಯಲ್ಲಿ ಆಕೆ ತೀರಿಕೊಂಡಳು. ವಯಸ್ಸು ೪೫. ಅಂದು ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಪತ್ರಕರ್ತರ ಸಭೆಯನ್ನು ಆಕೆಗೆ ಶ್ರದ್ಧಾಂಜಲಿ ಸಲ್ಲಿಸಿಯೇ ಆರಂಭಿಸಿದನು.

ಬೇಬಳನ್ನು ಅಮಾನತಿನಲ್ಲಿಟ್ಟ ಕಟ್ಟಳೆ ಆಕೆಯ ಅನಂತರವೂ ಕೆಲವು ದಶಕಗಳ ಕಾಲ ಉಳಿಯಿತು. ಥಾರ್ಪನ ಪದಕಗಳ ಪ್ರತಿಕೃತಿಗಳು ಆತನ ಮಕ್ಕಳ ಕೈಗೆ ಬಂದದ್ದು ೧೯೮೦ರ ದಶಕದಲ್ಲಿ. ಒಲಿಂಪಿಕ್ ಕೂಟ ವೃತ್ತಿನಿರತರಿಗೆ ಬಾಗಿಲು ತೆರೆದದ್ದೂ ಅದೇ ದಶಕದಲ್ಲಿ. ೨೦೨೧ರಲ್ಲಿ ಅಮೆರಿಕ ಸರ್ಕಾರ ತನ್ನ ಅತ್ಯುನ್ನತ ನಾಗರಿಕ ಪದಕವನ್ನು ಬೇಬಳಿಗೆ ಮರಣೋತ್ತರವಾಗಿ ಕೊಟ್ಟಿತು. ಇವು ತಡವಾಗಿ ಬಂದ ಮರ್ಯಾದೆಗಳು. ಆಕೆ ಬದುಕಿದ್ದಾಗಲೇ ಕಣ್ಣಾರೆ ಕಂಡ ಫಲವೆಂದರೆ ಆ ಹದಿಮೂರು ಮಂದಿಯ ಸಂಘ. ಕಾರುಗಳ ಸಾಲಿನಲ್ಲಿ ಊರೂರು ಅಲೆದು ಆರಂಭವಾದ ಅದು ಇಂದಿಗೂ ನಡೆಯುತ್ತಿದೆ. ಅನೇಕ ದೇಶಗಳ ಹೆಣ್ಣುಮಕ್ಕಳು ಅಲ್ಲಿ ಆಡಿ, ಆಟದಿಂದಲೇ ಜೀವನ ನಡೆಸುತ್ತಿದ್ದಾರೆ. ಅವರಲ್ಲಿ ಯಾರೂ ಅದಕ್ಕಾಗಿ ಹಾರ್ಮೋನಿಕಾ ನುಡಿಸಬೇಕಾಗಿಲ್ಲ.